ಚಿತ್ರದ ಎದುರು ಒಂದು ಕಛೇರಿ: ಮ್ಯೂಸಿಯಂನ ಉಚಿತ ಚೇಂಬರ್ ಮ್ಯೂಸಿಕ್‌ಗೆ ಹೋಗುವ ಬಗೆ

ಮ್ಯೂಸಿಯಂನವರು ತಮ್ಮ ಗೋಡೆಯ ಮೇಲಿರುವ ಒಂದು ಚಿತ್ರವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಹೊಂದುವ ಸಂಗೀತವನ್ನು ಮೂರೋ ನಾಲ್ಕೋ ಕಲಾವಿದರು ಕೂತು ನುಡಿಸುತ್ತಾರೆ. ಟಿಕೆಟ್‌ಗೆ ದುಡ್ಡಿಲ್ಲ. ಇಂಥ ಪ್ರಕಟಣೆ ಕಣ್ಣಿಗೆ ಬಿದ್ದಾಗ ಎಷ್ಟೋ ಜನ ಹಿಂಜರಿಯುತ್ತಾರೆ. ‘ನನಗೆ ಈ ಪಾಶ್ಚಾತ್ಯ ಸಂಗೀತ ತಿಳಿಯಲ್ಲ’ ಅನ್ನುವುದು ಒಂದು ಕಾರಣ. ‘ಪೇಂಟಿಂಗ್ ಅಂತೂ ಮೊದಲೇ ತಿಳಿಯಲ್ಲ’ ಅನ್ನುವುದು ಇನ್ನೊಂದು. ಎರಡೂ ತಿಳಿಯದವರೇ ಇಂಥ ಕಡೆ ಜಾಸ್ತಿ ಖುಷಿಪಡುವುದನ್ನು ನಾನು ನೋಡಿದ್ದೇನೆ. ಆದರೆ ಹೋಗುವುದಕ್ಕೆ ಒಂದು ಕ್ರಮ ಇದೆ. ಅದು ತಪ್ಪಿದರೆ ಒಂದು ಗಂಟೆ ಗಟ್ಟಿ ಕುರ್ಚಿಯಲ್ಲಿ ಕೂತು ಎದ್ದು ಬಂದ ಹಾಗೆ ಆಗುತ್ತದೆ.

ಕ್ರಮ ಇಷ್ಟೇ. ಮೊದಲು ಚಿತ್ರ, ಆಮೇಲೆ ಸಂಗೀತ, ಆಮೇಲೆ ಮತ್ತೆ ಅದೇ ಚಿತ್ರ. ಹೆಚ್ಚಿನವರು ನಡುವಿನದನ್ನು ಮಾತ್ರ ಮುಗಿಸಿ ಬಾಗಿಲ ಕಡೆ ಓಡುತ್ತಾರೆ. ಈ ಲೇಖನ ಬರೆಯುತ್ತಿರುವುದೇ ಅವರನ್ನು ತಡೆದು ನಿಲ್ಲಿಸುವುದಕ್ಕೆ.

ಚೇಂಬರ್ ಮ್ಯೂಸಿಕ್ ಅಂದರೆ

ಚೇಂಬರ್ ಅಂದರೆ ಕೋಣೆ. ದೊಡ್ಡ ಸಭಾಂಗಣಕ್ಕಲ್ಲ, ಮನೆಯ ಒಂದು ಕೋಣೆಗೆ ಸಾಕಾಗುವಷ್ಟು ಜನ ಸೇರಿ ನುಡಿಸುವ ಸಂಗೀತ. ಇಬ್ಬರಿಂದ ಎಂಟೊಂಬತ್ತು ಜನರ ತನಕ ಇರಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಲು, ಒಬ್ಬರು ಬಿಟ್ಟರೆ ಆ ಜಾಗ ಖಾಲಿ. ಕೈ ಬೀಸಿ ನಡೆಸುವ ಕಂಡಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಾಗಿ ಸಿಗುವುದು ಸ್ಟ್ರಿಂಗ್ ಕ್ವಾರ್ಟೆಟ್: ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ. ವಿಯೋಲಾ ನೋಡಲು ಪಿಟೀಲಿನ ಹಾಗೇ ಇರುತ್ತದೆ. ಸ್ವಲ್ಪ ದೊಡ್ಡದು, ದನಿ ಇನ್ನೂ ತಗ್ಗು. ಚೆಲ್ಲೋ ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವಂಥದ್ದು. ಹೋಗುವ ಮುನ್ನ ಇಷ್ಟು ಗೊತ್ತಿದ್ದರೆ ಸಾಕು.

ಪ್ರಕಟಣೆಯಲ್ಲಿ ‘ಸ್ಫೂರ್ತಿ’ ಎಂಬ ಪದ ಹುಡುಕಿ

‘ಈ ಚಿತ್ರದಿಂದ ಸ್ಫೂರ್ತಿ ಪಡೆದ ಕಛೇರಿ’ ಎಂದು ಎಲ್ಲರೂ ಬರೆಯುತ್ತಾರೆ. ಅದರ ಅರ್ಥ ಮಾತ್ರ ಒಂದೊಂದು ಕಡೆ ಒಂದೊಂದು. ನಿಮ್ಮ ಕಛೇರಿ ಯಾವ ಬಗೆಯದು ಅಂತ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಸಂಗೀತದಲ್ಲಿ ಇಲ್ಲದ್ದನ್ನು ಹುಡುಕುತ್ತಾ ಕೂರುತ್ತೀರಿ.

ಮೊದಲನೆಯದು, ಸಂಗೀತ ರಚಿಸಿದವರೇ ಆ ಚಿತ್ರ ನೋಡಿ ಬರೆದದ್ದು. ಎಲ್ಲರೂ ಕೊಡುವ ಉದಾಹರಣೆ ರಷ್ಯಾದ ಮುಸೋರ್ಗ್‌ಸ್ಕಿ. ಅವನ ಗೆಳೆಯ, ಕಲಾವಿದ ವಿಕ್ಟರ್ ಹಾರ್ಟ್‌ಮನ್ 1873ರಲ್ಲಿ ಸತ್ತ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನ ನೆನಪಿಗೆ ಚಿತ್ರ ಪ್ರದರ್ಶನ ಇಟ್ಟರು. ಅದನ್ನು ನೋಡಿ ಬಂದ ಮುಸೋರ್ಗ್‌ಸ್ಕಿ 1874ರ ಜೂನ್‌ನಲ್ಲಿ ಸುಮಾರು ಮೂರು ವಾರದಲ್ಲಿ ಪಿಯಾನೊಗಾಗಿ ಒಂದು ಮಾಲೆ ಬರೆದ. ಹತ್ತು ಚಿತ್ರಗಳಿಗೆ ಹತ್ತು ತುಣುಕು. ಅವುಗಳ ಜೊತೆ, ನೋಡುಗನ ನಡಿಗೆಗೂ ಒಂದು ರಾಗ ಇಟ್ಟ! ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗಿನ ಹೆಜ್ಜೆ ಅದು. ಆ ಹೆಜ್ಜೆ ಒಂದೇ ಸಮ ಬೀಳುವುದಿಲ್ಲ. ಒಮ್ಮೆ ಐದು ಎಣಿಕೆ, ಒಮ್ಮೆ ಆರು. ಗೋಡೆ ನೋಡಿಕೊಂಡು ನಡೆಯುವವರು ಹಾಗೇ ಅಲ್ವಾ ಹೆಜ್ಜೆ ಇಡುವುದು? ಹಾರ್ಟ್‌ಮನ್‌ನ ಆ ಚಿತ್ರಗಳಲ್ಲಿ ಹೆಚ್ಚಿನವು ಆಮೇಲೆ ಕಳೆದುಹೋದವು. ಸಂಗೀತ ಉಳಿಯಿತು.

ರಷ್ಯಾದ ಇನ್ನೊಬ್ಬ ಸಂಗೀತ ರಚನೆಕಾರ ರಾಖ್ಮನಿನೊಫ್‌ನದು ಇನ್ನೊಂದು ಕಥೆ. ಬಕ್ಲಿನ್ ಎಂಬ ಕಲಾವಿದ ಸತ್ತವರ ದ್ವೀಪವೊಂದನ್ನು ಚಿತ್ರಿಸಿದ್ದ. ನೀರಿನ ಮೇಲೆ ದೋಣಿ, ಅದರಲ್ಲಿ ಬಿಳಿ ಬಟ್ಟೆ ಹೊದ್ದು ನಿಂತ ಆಕೃತಿ. ರಾಖ್ಮನಿನೊಫ್ ಮೊದಲು ನೋಡಿದ್ದು ಅದರ ಕಪ್ಪು-ಬಿಳುಪು ಪ್ರತಿಯನ್ನು. ಅದರಿಂದಲೇ 1909ರಲ್ಲಿ ದೊಡ್ಡ ವಾದ್ಯವೃಂದಕ್ಕೆ ಒಂದು ಕೃತಿ ಬರೆದ. ಮುಂದೆ ಬಣ್ಣದ ಮೂಲಚಿತ್ರ ನೋಡಿದಾಗ ಅದು ಅವನಿಗೆ ಅಷ್ಟು ಹಿಡಿಸಲಿಲ್ಲ. ಅಂದರೆ ಅವನಿಗೆ ಬೇಕಾಗಿದ್ದು ಬಣ್ಣವಲ್ಲ, ಕತ್ತಲೆ. ಈ ಕೃತಿ ಕೇಳುವಾಗ ಐದೈದು ಎಣಿಕೆಯ ತೂಗಾಟಕ್ಕೆ ಕಿವಿ ಕೊಡಿ. ದೋಣಿಗೆ ಹುಟ್ಟು ಹಾಕಿದ ಹಾಗೆ ಕೇಳುತ್ತದೆ.

ಎರಡನೆಯ ಬಗೆ, ಚಿತ್ರದೊಳಗೇ ಸಂಗೀತ ಇರುವುದು. ನನಗೆ ಇದು ಎಲ್ಲಕ್ಕಿಂತ ಇಷ್ಟ. ರೋಮಿನ ಡೋರಿಯಾ ಪಾಂಫೀಲಿ ಗ್ಯಾಲರಿಯಲ್ಲಿ ಇಟಲಿಯ ಕಲಾವಿದ ಕರವಾಜ್ಜೊ ಬರೆದ ಒಂದು ಚಿತ್ರ ಇದೆ. ಈಜಿಪ್ಟಿಗೆ ಓಡಿಹೋಗುತ್ತಿರುವ ಮೇರಿ ಮಗು ಯೇಸುವನ್ನು ಅಪ್ಪಿಕೊಂಡು ನಿದ್ದೆ ಹೋಗಿದ್ದಾಳೆ. ದೇವದೂತನೊಬ್ಬ ನಮಗೆ ಬೆನ್ನು ಮಾಡಿ ಪಿಟೀಲು ನುಡಿಸುತ್ತಿದ್ದಾನೆ. ಮೇರಿಯ ಗಂಡ, ಮುದುಕ ಜೋಸೆಫ್ ಅವನ ಎದುರು ಸ್ವರದ ಪುಸ್ತಕ ಹಿಡಿದು ಕೂತಿದ್ದಾನೆ. ಆ ಪುಟದ ಸ್ವರಗಳು ಎಷ್ಟು ಸ್ಪಷ್ಟ ಅಂದರೆ, ಅದು ನೋಯಲ್ ಬೌಲ್ಡೆವೈನ್ ಎಂಬಾತನ ರಚನೆ ಎಂದು ವಿದ್ವಾಂಸರು ಓದಿ ಗುರುತಿಸಿದ್ದಾರೆ. ಕಲಾವಿದರು ಅದನ್ನೇ ನುಡಿಸಿದರೆ, ಚಿತ್ರದೊಳಗಿನ ಜೋಸೆಫ್ ಕೇಳುತ್ತಿರುವುದನ್ನೇ ನೀವೂ ಕೇಳುತ್ತೀರಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹೋಲ್ಬೈನ್‌ನ ‘ರಾಯಭಾರಿಗಳು’ ಚಿತ್ರವೂ ಹೀಗೇ. 1533ರದು. ಇಬ್ಬರು ಗಂಡಸರ ನಡುವಿನ ಎರಡು ಹಂತದ ಮೇಜಿನ ಕೆಳಹಂತದಲ್ಲಿ ಮೀಟಿ ನುಡಿಸುವ ಒಂದು ಲ್ಯೂಟ್ ವಾದ್ಯ, ಪಕ್ಕದಲ್ಲಿ ತೆರೆದಿಟ್ಟ ಹಾಡಿನ ಪುಸ್ತಕ. ಹತ್ತಿರ ಹೋಗಿ ನೋಡಿದರೆ ಲ್ಯೂಟಿನ ಒಂದು ತಂತಿ ಹರಿದಿದೆ.

ಮೂರನೆಯದು, ಮ್ಯೂಸಿಯಂ ಹೊಸದಾಗಿ ಹೇಳಿ ಬರೆಸಿದ ಸಂಗೀತ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಾರ್ಕ್ ರಾಥ್ಕೋನ ಹದಿನಾಲ್ಕು ಗಾಢ ಬಣ್ಣದ ಚಿತ್ರಗಳಿಗೆಂದೇ ಕಟ್ಟಿದ ಒಂದು ಪ್ರಾರ್ಥನಾ ಮಂದಿರವಿದೆ. 1971ರಲ್ಲಿ ತೆರೆದದ್ದು. ಆ ಜಾಗಕ್ಕಾಗಿಯೇ ಮಾರ್ಟನ್ ಫೆಲ್ಡ್‌ಮನ್ ಒಂದು ಕೃತಿ ಬರೆದ. ವಿಯೋಲಾ, ಗಂಟೆಯಂತೆ ನುಡಿಯುವ ಸೆಲೆಸ್ಟಾ, ತಾಳವಾದ್ಯ, ಹಾಡುವವರು. 1972ರಲ್ಲಿ ಅದನ್ನು ಮೊದಲು ನುಡಿಸಿದ್ದೂ ಅಲ್ಲೇ. ಚಿತ್ರದಲ್ಲಿ ಏನೂ ನಡೆಯುವುದಿಲ್ಲ, ಸಂಗೀತದಲ್ಲೂ ಹೆಚ್ಚೇನೂ ನಡೆಯುವುದಿಲ್ಲ. ಇದಕ್ಕೆ ತಾಳ್ಮೆ ಬೇಕು. ಮೊದಲ ಸಲ ಹೋಗುವವರಿಗೆ ಇದನ್ನೇ ಆರಿಸಿಕೊಳ್ಳಿ ಅಂತ ಹೇಳಲಾರೆ.

ನಾಲ್ಕನೆಯದೇ ಎಲ್ಲಕ್ಕಿಂತ ಸಾಮಾನ್ಯ. ಚಿತ್ರಕ್ಕೂ ಸಂಗೀತಕ್ಕೂ ನೇರ ಸಂಬಂಧ ಏನೂ ಇರುವುದಿಲ್ಲ. ಇಬ್ಬರೂ ಒಂದೇ ಕಾಲದವರು, ಇಲ್ಲವೇ ಒಂದೇ ಊರಿನವರು, ಇಲ್ಲವೇ ‘ಎರಡರಲ್ಲೂ ಸಂಜೆಯ ಭಾವ ಇದೆ’ ಅಂತ ಯಾರಿಗೋ ಅನಿಸಿದೆ. ಇದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ಈ ಜೋಡಿಯೇ ಚೆನ್ನಾಗಿ ಕೂಡಿಬರುತ್ತದೆ. ಆದರೆ ‘ಈ ಸ್ವರ ಆ ಮರಕ್ಕಾ, ಈ ಮೋಡಕ್ಕಾ’ ಅಂತ ಹೊಂದಿಸಲು ಹೋಗಬೇಡಿ. ಬರೆದವನು ಆ ಮರ ನೋಡೇ ಇಲ್ಲ.

ಸೀಟು ಕಾಯ್ದಿರಿಸುವುದು

ಟಿಕೆಟ್ ಉಚಿತ ಅಂದ ಮಾತ್ರಕ್ಕೆ ಸುಮ್ನೆ ಹೋಗಿ ಕೂರಬಹುದು ಅಂತಲ್ಲ. ಪ್ರಕಟಣೆಯಲ್ಲಿ ಮೂರು ವಿಷಯ ನೋಡಿ. ಮೊದಲೇ ಹೆಸರು ನೋಂದಾಯಿಸಬೇಕಾ? ಕಛೇರಿ ಉಚಿತವಾದರೂ ಮ್ಯೂಸಿಯಂನ ಪ್ರವೇಶಕ್ಕೆ ಬೇರೆ ಟಿಕೆಟ್ ಬೇಕಾ? ಕಾಯ್ದಿರಿಸಿದ ಸೀಟನ್ನು ಎಷ್ಟು ಹೊತ್ತಿನ ತನಕ ಹಿಡಿದಿಡುತ್ತಾರೆ? ಎರಡನೆಯ ಪ್ರಶ್ನೆಯಲ್ಲಿ ಮೋಸ ಹೋಗುವವರೇ ಜಾಸ್ತಿ.

ಗ್ಯಾಲರಿಯೊಳಗೆ ನಡೆಯುವ ಕಛೇರಿಗೆ ಕುರ್ಚಿಗಳು ಕಡಿಮೆ. ಗೋಡೆಯ ಚಿತ್ರಗಳಿಂದ ದೂರ ಬಿಡಬೇಕು, ಓಡಾಡಲು ದಾರಿ ಬಿಡಬೇಕು, ತುರ್ತು ಬಾಗಿಲು ತೆರೆದಿರಬೇಕು. ಅದಕ್ಕೇ ನೋಂದಣಿ ಬೇಗ ಭರ್ತಿಯಾಗುತ್ತದೆ. ಭರ್ತಿಯಾಗಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಕೊಡದೆ ಹೆಸರು ಬರೆಸಿದವರಲ್ಲಿ ಬಾರದೇ ಇರುವವರೂ ಇರುತ್ತಾರೆ. ಕಾಯುವ ಸಾಲು ಇದೆಯಾ ಅಂತ ಕೇಳಿ, ಇದ್ದರೆ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲಿ. ಒಬ್ಬರೇ ಹೋದರೆ ಒಳಗೆ ಸೇರುವುದು ಸುಲಭ. ನಾಲ್ಕು ಜನ ಒಟ್ಟಿಗೆ ಹೋದರೆ ಕಷ್ಟ.

ಹಾಗೆಯೇ, ನಿಮಗೇ ಹೋಗಲಾಗದಿದ್ದರೆ ಹಿಂದಿನ ದಿನವೇ ನೋಂದಣಿ ರದ್ದು ಮಾಡಿ. ಅರ್ಧ ನಿಮಿಷದ ಕೆಲಸ.

ಚಿತ್ರ ಗೋಡೆಯ ಮೇಲೆ ಇದೆಯಾ?

ಇದು ತಮಾಷೆಯ ಪ್ರಶ್ನೆ ಅನಿಸಬಹುದು. ಒಮ್ಮೆ ನಾನು ಒಂದು ಚಿತ್ರಕ್ಕಾಗಿಯೇ ಕಛೇರಿಗೆ ಹೋಗಿದ್ದೆ. ಒಂದು ಗಂಟೆ ಮೊದಲೇ ಹೋಗಿ, ನಕ್ಷೆ ಹಿಡಿದು, ಎರಡು ಮಹಡಿ ಹತ್ತಿ ಆ ಕೋಣೆ ಹುಡುಕಿದೆ. ಗೋಡೆಯ ಮೇಲೆ ಎರಡು ಮೊಳೆ, ನಡುವೆ ಒಂದು ಸಣ್ಣ ಚೀಟಿ. ಚಿತ್ರವನ್ನು ದುರಸ್ತಿಗೆ ಒಯ್ದಿದ್ದಾರಂತೆ. ಕೆಳಗೆ ಕಛೇರಿಯಲ್ಲಿ ಅದರ ಫೋಟೊವನ್ನು ಪರದೆಯ ಮೇಲೆ ತೋರಿಸಿದರು. ಬಣ್ಣ ನೀಲಿಗೆ ತಿರುಗಿತ್ತು.

ಚಿತ್ರಗಳು ಎರವಲು ಹೋಗುತ್ತವೆ, ದುರಸ್ತಿಗೆ ಹೋಗುತ್ತವೆ. ಕಾಗದದ ಮೇಲಿನ ಚಿತ್ರಗಳಾದರೆ ಬೆಳಕಿಗೆ ಬಣ್ಣ ಮಾಸುತ್ತದೆ ಅಂತ ಕೆಲವು ತಿಂಗಳು ಮಾತ್ರ ಹೊರಗಿಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಆ ಚಿತ್ರದ ಪುಟ ತೆರೆದರೆ ಈಗ ಯಾವ ಕೋಣೆಯಲ್ಲಿದೆ, ಅಥವಾ ಪ್ರದರ್ಶನದಲ್ಲಿ ಇಲ್ಲ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಇನ್ನೂ ಒಂದು ಪ್ರಶ್ನೆ ಕೇಳಿಬಿಡಿ: ಕಛೇರಿ ಮುಗಿದ ಮೇಲೆ ಆ ಕೋಣೆ ತೆರೆದಿರುತ್ತದಾ? ಇದು ಯಾಕೆ ಮುಖ್ಯ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ.

ಚಿತ್ರವೇ ಇಲ್ಲದ ಗ್ಯಾಲರಿಯಲ್ಲಿ ಸಂಗೀತ ನಡೆದ ದೊಡ್ಡ ಉದಾಹರಣೆಯೂ ಇದೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿತು. ಕೊನೆಗೆ ಅವು ವೇಲ್ಸ್‌ನ ಮ್ಯಾನೊಡ್ ಎಂಬ ಬೆಟ್ಟದೊಳಗಿನ ಕಲ್ಲು ಗಣಿ ಸೇರಿದವು. ಖಾಲಿ ಗೋಡೆಗಳ ನಡುವೆ ಪಿಯಾನೊ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್ 10ರಂದು ಮಧ್ಯಾಹ್ನದ ಕಛೇರಿ ಶುರು ಮಾಡಿದರು. 1946ರ ಏಪ್ರಿಲ್ ತನಕ ಒಟ್ಟು 1,698 ಕಛೇರಿ ನಡೆದವು. ಪ್ರವೇಶಕ್ಕೆ ಒಂದು ಶಿಲಿಂಗ್ ಇತ್ತು, ಪೂರ್ತಿ ಉಚಿತ ಅಲ್ಲ. 1942ರಲ್ಲಿ ಜನ ‘ಒಂದಾದರೂ ಚಿತ್ರ ತೋರಿಸಿ’ ಅಂದರು. ಆಗ ತಿಂಗಳಿಗೆ ಒಂದೇ ಚಿತ್ರವನ್ನು ಗಣಿಯಿಂದ ತಂದು ನೇತುಹಾಕತೊಡಗಿದರು. ಒಂದು ಚಿತ್ರ, ಅದರ ಜೊತೆ ಒಂದಿಷ್ಟು ಸಂಗೀತ. ಅದೇ ವರ್ಷ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಕೂಡ ಭಾನುವಾರದ ಉಚಿತ ಕಛೇರಿ ಶುರು ಮಾಡಿತು.

ಹೊರಡುವಾಗ

ತೆಳ್ಳಗಿನ ಸ್ವೆಟರ್ ಅಥವಾ ಶಾಲು ಇರಲಿ. ಗ್ಯಾಲರಿಯ ಹವೆ ಇರುವುದು ಚಿತ್ರಗಳಿಗಾಗಿ, ನಮಗಾಗಿ ಅಲ್ಲ. ಸುಮಾರು 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50ರ ಆಸುಪಾಸು. ಓಡಾಡುವಾಗ ಹಿತ, ಒಂದು ಗಂಟೆ ಅಲುಗಾಡದೆ ಕೂತರೆ ಕೈ ತಣ್ಣಗಾಗುತ್ತದೆ.

ಬೆನ್ನಿಗೆ ಹಾಕುವ ಬ್ಯಾಗ್ ಬೇಡ. ಬಹಳ ಕಡೆ ಅದನ್ನು ಹೊರಗಿಡಿಸುತ್ತಾರೆ, ಆ ಸಾಲಿನಲ್ಲೇ ಕಾಲು ಗಂಟೆ ಹೋಗುತ್ತದೆ. ನೀರಿನ ಬಾಟಲಿಯನ್ನೂ ಚಿತ್ರಗಳಿರುವ ಕೋಣೆಗೆ ಬಿಡುವುದಿಲ್ಲ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಪೆನ್ ಬೇಡ. ಶಾಯಿ ಕಂಡರೆ ಕಾವಲಿನವರು ಬಂದು ಹೇಳುತ್ತಾರೆ. ಒಂದು ಸಣ್ಣ ಚೀಟಿ ಸಾಕು. ಕಟಕಟ ಸದ್ದು ಮಾಡುವ ಚಪ್ಪಲಿ, ಚರಚರ ಅನ್ನುವ ಜಾಕೆಟ್ ಮನೆಯಲ್ಲಿರಲಿ. ಕಲ್ಲಿನ ನೆಲದ ಕೋಣೆಯಲ್ಲಿ ಅವು ಪಿಟೀಲಿಗೇ ಪೈಪೋಟಿ ಕೊಡುತ್ತವೆ.

ಬಟ್ಟೆ ಹೇಗಿರಬೇಕು ಅಂತ ಕೇಳುತ್ತಾರೆ. ನಿಮಗೆ ಆರಾಮ ಅನಿಸುವ ಯಾವುದೂ ಆದೀತು.

ಕಛೇರಿಗೆ ಮೊದಲು: ಚಿತ್ರದ ಮುಂದೆ ಹದಿನೈದು ನಿಮಿಷ

ಕಛೇರಿಗೆ ಮುಕ್ಕಾಲು ಗಂಟೆ ಮೊದಲು ಒಳಗಿರಿ. ನೇರ ಆ ಚಿತ್ರದ ಹತ್ತಿರ ಹೋಗಿ. ದಾರಿಯಲ್ಲಿ ಇನ್ನೊಂದು ಇಪ್ಪತ್ತು ಚಿತ್ರ ಕೈಬೀಸಿ ಕರೆಯುತ್ತವೆ, ಇವತ್ತು ಅವಕ್ಕೆ ಕಣ್ಣು ಕೊಡಬೇಡಿ. ಕಣ್ಣು ದಣಿಯುವುದು ಬಹಳ ಬೇಗ.

ಮೊದಲ ಐದು ನಿಮಿಷ ಪಕ್ಕದ ಲೇಬಲ್ ಓದಬೇಡಿ. ಇದು ನಾನು ಹಟ ಹಿಡಿದು ಹೇಳುವ ಮಾತು. ಲೇಬಲ್ ಓದಿದ ಕೂಡಲೇ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಬದಲಿಗೆ, ನಿಮ್ಮ ಕಣ್ಣು ಎಲ್ಲಿ ಮೊದಲು ನಿಂತಿತು ಅಂತ ಗಮನಿಸಿ. ಆ ಜಾಗವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಹಿಂದೆ ಸರಿದು ಇಡೀ ಚಿತ್ರ ನೋಡಿ, ಮತ್ತೆ ನೆಲದ ಮೇಲಿನ ಗೆರೆ ದಾಟದಷ್ಟು ಹತ್ತಿರ ಹೋಗಿ ನೋಡಿ. ಎಣ್ಣೆಬಣ್ಣದ ಚಿತ್ರವಾದರೆ ಪಕ್ಕದಿಂದ ಓರೆಯಾಗಿ ನೋಡಿ. ಬಣ್ಣ ದಪ್ಪಗೆ ಮೆತ್ತಿದ ಕಡೆ ಬೆಳಕು ಬೇರೆ ಥರ ಹೊಳೆಯುತ್ತದೆ, ಕುಂಚ ಹೋದ ದಿಕ್ಕು ಕಾಣುತ್ತದೆ.

ಆಮೇಲೆ ಕಿವಿಯಿಂದ ನೋಡುವ ಒಂದು ಆಟ. ಈ ಚಿತ್ರದೊಳಗೆ ನಿಂತಿದ್ದರೆ ಏನು ಕೇಳುತ್ತಿತ್ತು? ನೀರಾ, ಗಾಳಿಯಾ, ದೂರದ ಮಾತಾ, ಏನೂ ಇಲ್ಲವಾ? ವೇಗ ಇದೆಯಾ, ನಿಂತುಬಿಟ್ಟಿದೆಯಾ? ಒಂದೇ ದನಿಯಾ, ಗದ್ದಲವಾ? ಎರಡು ಸಾಲು ಬರೆದುಕೊಳ್ಳಿ. ಸರಿ-ತಪ್ಪು ಏನಿಲ್ಲ.

ನನ್ನದೇ ಒಂದು ಉದಾಹರಣೆ. ಆ ಚಿತ್ರ ದೊಡ್ಡ ಹೆಸರಿನದಲ್ಲ, ಒಂದು ಮೊಳ ಅಗಲ ಇರಬಹುದು. ಮನೆಯೊಳಗಿನ ನೋಟ. ಅರ್ಧ ತೆರೆದ ಬಾಗಿಲು, ಮರದ ನೆಲದ ಮೇಲೆ ಬಿಸಿಲಿನ ಪಟ್ಟಿ, ನಮಗೆ ಬೆನ್ನು ಮಾಡಿ ನಿಂತ ಹೆಂಗಸು. ನನ್ನ ಚೀಟಿಯಲ್ಲಿ ಬರೆದಿದ್ದೆ: ‘ಮೊದಲು ನೋಡಿದ್ದು ಬಿಸಿಲು. ಸದ್ದು ಇಲ್ಲ. ಯಾರೋ ಈಗ ತಾನೇ ಹೊರಗೆ ಹೋಗಿದ್ದಾರೆ.’

ಈಗ ಲೇಬಲ್ ಓದಿ. ಕಲಾವಿದರ ಹೆಸರು, ವರ್ಷ, ಯಾವುದರಿಂದ ಮಾಡಿದ್ದು. ಕಛೇರಿಯ ಕರಪತ್ರ ಕೊಟ್ಟಿದ್ದರೆ ಅದನ್ನೂ ಇಲ್ಲೇ ಓದಿ ಮುಗಿಸಿ. ಕಾಗದದ ಮೇಲಿನ ಚಿತ್ರಗಳ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮಾತ್ರ, ಅಂದರೆ ಮಂದವಾಗಿ ಇರುತ್ತದೆ, ಕಛೇರಿ ಅಲ್ಲೇ ನಡೆದರೆ ಸಣ್ಣ ಅಕ್ಷರ ಓದಲಾಗುವುದಿಲ್ಲ. ಕರಪತ್ರದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದೊಂದು ಕೃತಿಯ ಕೆಳಗೆ ಎಷ್ಟು ಭಾಗ ಇವೆ ಅನ್ನುವುದು. ಚಪ್ಪಾಳೆಯ ಲೆಕ್ಕ ಅಲ್ಲಿದೆ.

ಎಲ್ಲಿ ಕೂರಬೇಕು

ಮೊದಲ ಸಾಲು ಖಾಲಿ ಇದ್ದರೆ ಧೈರ್ಯವಾಗಿ ಕೂತುಬಿಡಿ, ಅದರಲ್ಲೂ ಕಲ್ಲಿನ ಗೋಡೆ, ಎತ್ತರದ ಚಾವಣಿ ಇದ್ದರೆ. ಇಂಥ ಕಡೆ ಸದ್ದು ಬೇಗ ಅಡಗುವುದಿಲ್ಲ. ಚೇಂಬರ್ ಮ್ಯೂಸಿಕ್‌ಗೆಂದೇ ಕಟ್ಟಿದ ಹಾಲ್‌ಗಳಲ್ಲಿ ದನಿ ಅಡಗಲು ಒಂದೂವರೆ ಸೆಕೆಂಡ್ ಆಸುಪಾಸು ಹಿಡಿದರೆ, ಗಾಜಿನ ಚಾವಣಿಯ ಅಂಗಳದಲ್ಲಿ ಅದರ ಎರಡು ಪಟ್ಟು ಹಿಡಿಯಬಹುದು. ಹಿಂದೆ ಕೂತರೆ ಒಂದು ಸ್ವರ ಮುಗಿಯುವ ಮೊದಲೇ ಮುಂದಿನದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಮುಂದೆ ಕೂತರೆ ವಾದ್ಯದ ದನಿ ನೇರವಾಗಿ ಬರುತ್ತದೆ.

ಚಿತ್ರ ಇರುವ ಕೋಣೆಯಲ್ಲೇ ಕಛೇರಿಯಾದರೆ ಲೆಕ್ಕ ಬದಲಾಗುತ್ತದೆ. ಆಗ ಚಿತ್ರವೂ ಕಲಾವಿದರೂ ಒಂದೇ ನೋಟಕ್ಕೆ ಸಿಗುವ ಬದಿಯ ಕುರ್ಚಿ ಹುಡುಕಿ. ಕಂಬದ ಹಿಂದೆ ಮಾತ್ರ ಬೇಡ. ನಾನು ಒಮ್ಮೆ ಇಡೀ ಕಛೇರಿಯಲ್ಲಿ ಚೆಲ್ಲೋ ವಾದಕನ ಒಂದು ಮೊಣಕೈ ಮಾತ್ರ ನೋಡಿದ್ದೇನೆ. ಹವಾನಿಯಂತ್ರಣದ ಜಾಲರಿ ಎಲ್ಲಿದೆ ಅಂತಲೂ ನೋಡಿ. ಮೆಲುದನಿಯ ಭಾಗ ಬಂದಾಗ ಅದರ ಗುಂಯ್ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಮಧ್ಯೆ ಎದ್ದು ಹೋಗಬೇಕಾಗಬಹುದು ಅನಿಸಿದರೆ ಸಾಲಿನ ತುದಿಯಲ್ಲಿ ಕೂರಿ. ಏಳುವುದು ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗ.

ಕೇಳುವಾಗ

ಶುರುವಿಗೆ ಮುಂಚೆ ಸ್ವಲ್ಪ ಹೊತ್ತು ಬರೀ ನೋಡುವ ಹೊತ್ತು. ಚೆಲ್ಲೋದ ತಳದಲ್ಲಿ ಒಂದು ಲೋಹದ ಮುಳ್ಳು ಇರುತ್ತದೆ. ಅದು ಹಳೆಯ ನೆಲದಲ್ಲಿ ತೂತು ಮಾಡದ ಹಾಗೆ ಒಂದು ಹಲಗೆ ತುಂಡು ಇಟ್ಟು, ಅದಕ್ಕೆ ಕಟ್ಟಿದ ಪಟ್ಟಿಯನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಶ್ರುತಿ. ಒಬ್ಬರು ಒಂದು ತಂತಿ ಎಳೆಯುತ್ತಾರೆ, ಉಳಿದವರು ಅದಕ್ಕೆ ಸೇರುತ್ತಾರೆ. ನಾಲ್ಕು ವಾದ್ಯ, ಹದಿನಾರು ತಂತಿ. ಆಮೇಲೆ ಒಂದು ಮೌನ. ಮೊದಲ ಪಿಟೀಲಿನವರು ಮೂಗಿನಿಂದ ಉಸಿರು ಎಳೆದುಕೊಳ್ಳುವುದು ಮೊದಲ ಸಾಲಿಗೆ ಕೇಳುತ್ತದೆ. ಆ ಉಸಿರೇ ‘ಶುರು’ ಅನ್ನುವ ಸನ್ನೆ. ಉಳಿದ ಮೂವರೂ ಅದರ ಮೇಲೇ ಕಮಾನು ಇಳಿಸುತ್ತಾರೆ.

ಯಾವುದನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ಒಂದು ಉಪಾಯ ಹೇಳುತ್ತೇನೆ. ಮೊದಲ ಕೃತಿಯಲ್ಲಿ ಒಂದೇ ವಾದ್ಯವನ್ನು ಹಿಡಿದುಕೊಳ್ಳಿ, ಅದರಲ್ಲೂ ಪಿಟೀಲು ಬಿಟ್ಟು ಬೇರೆಯದನ್ನು. ಚೆಲ್ಲೋ ಆಗಲಿ, ವಿಯೋಲಾ ಆಗಲಿ. ಪಿಟೀಲು ಹೇಗಿದ್ದರೂ ಕೇಳುತ್ತದೆ. ಒಳಗಿನ ದನಿ ಹಿಡಿದುಕೊಂಡರೆ ಯಾರು ಕೇಳುತ್ತಿದ್ದಾರೆ, ಯಾರು ಉತ್ತರ ಕೊಡುತ್ತಿದ್ದಾರೆ, ಯಾರು ಸುಮ್ಮನೆ ಹೂಂ ಅನ್ನುತ್ತಿದ್ದಾರೆ ಅನ್ನುವುದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಅವರ ಕಣ್ಣುಗಳನ್ನೂ ನೋಡಿ. ಪುಸ್ತಕ ಬಿಟ್ಟು ಯಾರ ಕಡೆ ನೋಡುತ್ತಾರೋ ಸಂಗೀತ ಆ ಕಡೆ ಹೋಗುತ್ತಿರುತ್ತದೆ.

ಚಿತ್ರ ನೆನಪಿಗೆ ಬಂದರೆ ಬರಲಿ, ಬಾರದಿದ್ದರೆ ಎಳೆದು ತರಬೇಡಿ. ಸಂಗೀತ ಚಿತ್ರದ ವರ್ಣನೆ ಮಾಡುತ್ತದೆ ಅಂತ ಕಾದು ಕೂತವರಿಗೆ ನಿರಾಸೆಯೇ ಜಾಸ್ತಿ. ಪಿಟೀಲಿಗೆ ಬಾಗಿಲು ಬರೆಯಲು ಬರುವುದಿಲ್ಲ. ಬಾಗಿಲು ತೆರೆದಿಟ್ಟು ಕಾಯುವ ಹೊತ್ತನ್ನು ಅದು ಕೊಡಬಲ್ಲದು. ಮನಸ್ಸು ಎತ್ತಲೋ ಹೋಗಿ, ಮನೆಯ ಬಿಲ್ಲು ಕಟ್ಟಿಲ್ಲ ಅಂತ ನೆನಪಾದರೆ ಗಾಬರಿ ಬೇಡ. ನುಡಿಸುವವರ ಕಮಾನಿನ ತುದಿ ನೋಡಿ, ಮನಸ್ಸು ವಾಪಸ್ ಬರುತ್ತದೆ.

ಬೆನ್ನು ಮಾಡಿ ನಿಂತ ಹೆಂಗಸಿನ ಚಿತ್ರ ಹೇಳಿದೆನಲ್ಲ, ಆ ದಿನ ನುಡಿಸಿದ್ದು ಒಂದು ನಿಧಾನದ ತುಣುಕು. ಪಿಟೀಲುಗಳು ಎರಡೂ ಮೇಲೆ ಕೆಳಗೆ ಓಡಾಡುತ್ತಿದ್ದವು. ವಿಯೋಲಾ ಮಾತ್ರ ಒಂದೇ ಸ್ವರ ಹಿಡಿದು ನಿಂತಿತ್ತು. ಎಷ್ಟು ಹೊತ್ತು ಅಂದರೆ, ‘ಈಗ ಬದಲಾಗುತ್ತೆ, ಈಗ ಬದಲಾಗುತ್ತೆ’ ಅಂತ ನಾನೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಬದಲಾಗಲಿಲ್ಲ. ಹಾಗೇ ತೆಳುವಾಗಿ ಮುಗಿಯಿತು.

ಚಪ್ಪಾಳೆಯ ವಿಷಯ. ಒಂದು ಕೃತಿಯಲ್ಲಿ ಮೂರೋ ನಾಲ್ಕೋ ಭಾಗ ಇರುತ್ತವೆ, ನಡುವೆ ಸಣ್ಣ ಬಿಡುವು. ವಾಡಿಕೆಯಂತೆ ಎಲ್ಲ ಭಾಗ ಮುಗಿದ ಮೇಲೆ ಚಪ್ಪಾಳೆ. ಎಣಿಕೆ ತಪ್ಪಿದರೆ ಕಲಾವಿದರ ತೋಳು ನೋಡಿ. ಕಮಾನು ಇನ್ನೂ ಗಾಳಿಯಲ್ಲೇ ಇದ್ದರೆ, ಕಣ್ಣು ಪುಸ್ತಕದ ಮೇಲೇ ಇದ್ದರೆ ಮುಗಿದಿಲ್ಲ. ತೋಳು ಇಳಿಸಿ ನಮ್ಮ ಕಡೆ ಮುಖ ಎತ್ತಿದರೆ ಮುಗಿದ ಹಾಗೆ. ಮಧ್ಯೆ ಯಾರೋ ತಟ್ಟಿಬಿಟ್ಟರೆ ತಿರುಗಿ ದುರುಗುಟ್ಟಿ ನೋಡುವವರು ಇರುತ್ತಾರೆ. ಅಂಥವರ ಪೈಕಿ ಆಗಬೇಡಿ. ಇಷ್ಟವಾಗಿ ತಟ್ಟಿದ್ದಾರೆ, ತಪ್ಪೇನು?

ಫೋನನ್ನು ಸೈಲೆಂಟ್ ಮಾಡುವುದಲ್ಲ, ಪೂರ್ತಿ ಆಫ್ ಮಾಡಿ. ಸೈಲೆಂಟ್‌ನಲ್ಲಿದ್ದರೂ ಅಲಾರಂ ಹೊಡೆಯುತ್ತದೆ. ಮಧ್ಯೆ ಫೋಟೊ ಬೇಡ. ಕೊನೆಯಲ್ಲಿ ಅವರು ಬಾಗಿ ವಂದಿಸುವಾಗ ತೆಗೆಯಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಫ್ಲ್ಯಾಶ್ ಅಂತೂ ಯಾವ ಗ್ಯಾಲರಿಯಲ್ಲೂ ಬೇಡ.

ಮಕ್ಕಳು, ಹಿರಿಯರು

ಮಕ್ಕಳನ್ನು ಕರೆದೊಯ್ಯಬಹುದಾ ಅಂತ ಪ್ರಕಟಣೆಯಲ್ಲಿ ನೋಡಿ. ಕರೆದೊಯ್ದರೆ ಬಾಗಿಲ ಹತ್ತಿರ ಕೂರಿ, ಒಂದು ಕೃತಿ ಕೇಳಿ ಎದ್ದು ಬಂದರೂ ಚಿಂತಿಲ್ಲ. ಕಾಗದ ಪೆನ್ಸಿಲ್ ಕೊಟ್ಟು ‘ಕೇಳಿದ್ದನ್ನು ಬರಿ’ ಅಂದರೆ ಅರ್ಧ ಗಂಟೆ ಆರಾಮಾಗಿ ಕೂರುವ ಮಕ್ಕಳಿದ್ದಾರೆ. ಗಾಲಿಕುರ್ಚಿಗೆ ಜಾಗ, ಒರಗುವ ಬೆನ್ನಿರುವ ಕುರ್ಚಿ, ಶ್ರವಣ ಸಾಧನಕ್ಕೆ ದನಿಯನ್ನು ನೇರವಾಗಿ ಕಳಿಸುವ ಲೂಪ್ ಸೌಲಭ್ಯ ಬೇಕಿದ್ದರೆ ನೋಂದಣಿ ಮಾಡುವಾಗಲೇ ತಿಳಿಸಿ. ಆ ದಿನ ಹೋಗಿ ಕೇಳಿದರೆ ಕುರ್ಚಿ ಸರಿಸಲೂ ಜಾಗ ಇರುವುದಿಲ್ಲ.

ಮುಗಿದ ಮೇಲೆ

ಕಾಣಿಕೆ ಡಬ್ಬಿ ಬಾಗಿಲ ಬಳಿ ಇರುತ್ತದೆ. ಹಾಕಬೇಕೆಂದಿಲ್ಲ. ಹಾಕುವ ಶಕ್ತಿ ಇದ್ದರೆ ಹಾಕಿ. ನಮಗೆ ಉಚಿತವಾದರೂ ನುಡಿಸಿದವರಿಗೆ ಯಾರೋ ದುಡ್ಡು ಕೊಟ್ಟಿರುತ್ತಾರೆ.

ಕಲಾವಿದರು ಕಮಾನಿನ ಕೂದಲು ಸಡಿಲಿಸಿ, ವಾದ್ಯದ ಮೇಲೆ ಬಿದ್ದ ರಾಳದ ಬಿಳಿ ಪುಡಿ ಒರೆಸುತ್ತಿರುತ್ತಾರೆ. ಹೋಗಿ ಮಾತಾಡಿಸಲು ಒಳ್ಳೆಯ ಹೊತ್ತು. ‘ತುಂಬಾ ಚೆನ್ನಾಗಿತ್ತು’ ಅನ್ನುವುದರ ಜೊತೆ ಒಂದು ಪ್ರಶ್ನೆ ಕೇಳಿ: ಈ ಚಿತ್ರಕ್ಕೆ ಈ ಸಂಗೀತ ಆರಿಸಿದ್ದು ಯಾರು, ಯಾಕೆ? ಉತ್ತರ ಕೆಲವೊಮ್ಮೆ ಕರಪತ್ರದಲ್ಲಿ ಬರೆದದ್ದಕ್ಕಿಂತ ಪ್ರಾಮಾಣಿಕವಾಗಿರುತ್ತದೆ. ಒಬ್ಬರು ನನಗೆ ಹೇಳಿದ್ದು: ‘ಈ ತುಣುಕು ನಮಗೆ ಮೊದಲೇ ಬರುತ್ತಿತ್ತು.’

ಆದರೆ ಅಲ್ಲೇ ಹೊತ್ತು ಕಳೆಯಬೇಡಿ. ಮ್ಯೂಸಿಯಂ ಮುಚ್ಚುವ ಹೊತ್ತು ನೋಡಿಕೊಂಡು ಚಿತ್ರದ ಹತ್ತಿರ ವಾಪಸ್ ಹೋಗಿ. ಕಛೇರಿಗೆ ಬಂದವರಲ್ಲಿ ಹೆಚ್ಚಿನವರು ಹೊರಗೆ ಹೋಗಿರುತ್ತಾರೆ, ಕೋಣೆ ಖಾಲಿ ಇರುತ್ತದೆ. ಐದು ನಿಮಿಷ ಸಾಕು. ಚೀಟಿಯನ್ನು ಈಗಲೇ ತೆಗೆಯಬೇಡಿ. ಮೊದಲು ನೋಡಿ. ಕಣ್ಣು ಈ ಸಲ ಎಲ್ಲಿ ನಿಂತಿತು? ಆಮೇಲೆ ಚೀಟಿ ತೆಗೆದು, ಹಿಂದೆ ಬರೆದದ್ದರ ಪಕ್ಕ ಅದನ್ನು ಬರೆಯಿರಿ. ಕೆಲವೊಮ್ಮೆ ಎರಡೂ ಒಂದೇ ಇರುತ್ತವೆ. ಅದೂ ಗೊತ್ತಾಗಲಿ.

ಆ ದಿನ ನಾನು ಮೇಲೆ ಹೋದಾಗ ಕೋಣೆಯ ಕಾವಲಿನವರು ಗಡಿಯಾರ ತೋರಿಸಿ ‘ಹತ್ತು ನಿಮಿಷ’ ಅಂದರು. ಬಿಸಿಲಿನ ಪಟ್ಟಿ ಅಲ್ಲೇ ಇತ್ತು, ಹೆಂಗಸೂ ಅಲ್ಲೇ. ಮೊದಲ ಸಲ ಬಿಸಿಲು ಅವಳ ಕಾಲ ಮೇಲೆ ಬಿದ್ದಿದೆ ಅಂದುಕೊಂಡಿದ್ದೆ. ಬಿದ್ದಿರಲಿಲ್ಲ. ಪಟ್ಟಿಯ ತುದಿಗೂ ಅವಳ ಹಿಮ್ಮಡಿಗೂ ನಡುವೆ ಒಂದು ಬೆರಳಿನಷ್ಟು ನೆಲ ಹಾಗೇ ಕಂದು ಬಣ್ಣದಲ್ಲಿ ಉಳಿದಿತ್ತು. ವಿಯೋಲಾದ ಆ ಬದಲಾಗದ ಸ್ವರ ಕಿವಿಯಲ್ಲಿ ಇನ್ನೂ ಇತ್ತು. ಚೀಟಿಯಲ್ಲಿ ‘ಬಿಸಿಲು’ ಅನ್ನುವುದರ ಪಕ್ಕ ‘ತಾಗಿಲ್ಲ’ ಅಂತ ಬರೆದು ಜೇಬಿಗೆ ಹಾಕಿಕೊಂಡೆ.